ಹೆದ್ದಾರಿಯ ಉದ್ದದ ಲೆಕ್ಕ, ಊರಿನ ಅಡ್ಡದ ಲೆಕ್ಕ

ಹೆದ್ದಾರಿ ಅಗಲವಾಗುತ್ತದೆ ಎಂಬ ಸುದ್ದಿ ಬಂದರೆ ಹಳ್ಳಿಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. 'ಇನ್ನು ನಮ್ಮ ಭಾಗ ಸುಧಾರಿಸಿತು' ಎನ್ನುವವರು ಕೆಲವರು. 'ನಮ್ಮ ಹೊಲ ಹೋಯಿತು' ಎನ್ನುವವರು ಇನ್ನು ಕೆಲವರು. ಎರಡೂ ಮಾತಿನಲ್ಲಿ ಸತ್ಯವಿರಬಹುದು. ಆದರೆ ಎಷ್ಟು ಸತ್ಯ? ಯಾರಿಗೆ ಎಷ್ಟು ಲಾಭ, ಯಾರಿಗೆ ಎಷ್ಟು ನಷ್ಟ? ಇದನ್ನು ಹೇಳಲು ಅಳತೆ ಬೇಕು. ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಮೊದಲು ಕೇಳಬೇಕಾದ ಪ್ರಶ್ನೆ ಇದು: ಹೆದ್ದಾರಿ ಯೋಜನೆಯಲ್ಲಿ ಏನನ್ನು ಅಳೆಯುತ್ತಾರೆ? ಏನನ್ನು ಅಳೆಯದೆ ಬಿಡುತ್ತಾರೆ?

ಹೆದ್ದಾರಿಯ ಯೋಜಕರು ರಸ್ತೆಯ ಉದ್ದಕ್ಕೂ ಸಾಗುವುದನ್ನು ಬಹಳ ನಿಖರವಾಗಿ ಎಣಿಸುತ್ತಾರೆ. ರಸ್ತೆಯನ್ನು ಅಡ್ಡ ದಾಟುವುದನ್ನು, ಅಂದರೆ ಮಕ್ಕಳು, ದನ, ಚಕ್ಕಡಿ, ಟ್ರ್ಯಾಕ್ಟರ್, ಮಳೆನೀರು ಇವನ್ನು, ಅಷ್ಟು ಶ್ರದ್ಧೆಯಿಂದ ಎಣಿಸುವುದಿಲ್ಲ. ಇತ್ತ ಗ್ರಾಮ ಪಂಚಾಯಿತಿಯ ಯೋಜನೆಯಲ್ಲಿ ಊರೊಳಗಿನ ಚರಂಡಿ, ಕೊಳವೆಬಾವಿ, ಕಾಂಕ್ರೀಟು ರಸ್ತೆ ಇರುತ್ತವೆ, ಹೆದ್ದಾರಿ ಇರುವುದಿಲ್ಲ. ಎರಡು ಯೋಜನೆಗಳೂ ಸರ್ಕಾರದವೇ. ಆದರೆ ಎರಡೂ ಒಂದೇ ನಕ್ಷೆಯ ಮೇಲೆ ಕೂಡುವುದಿಲ್ಲ. ಅಡ್ಡದ ಲೆಕ್ಕ ಕಾಣೆಯಾಗುವುದು ಈ ಎರಡರ ನಡುವಿನ ಸಂದಿನಲ್ಲಿ.

ಹುಬ್ಬಳ್ಳಿಯಿಂದ ಹೊರಡುವ ದಾರಿಗಳು

ಧಾರವಾಡ ಜಿಲ್ಲೆಯ ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಹುಬ್ಬಳ್ಳಿ ಒಂದು ದೊಡ್ಡ ಕೂಡುದಾರಿ. ಬೆಂಗಳೂರು–ಮುಂಬೈ ಹೆದ್ದಾರಿ (ಹಿಂದಿನ ಸಂಖ್ಯೆ 4, ಈಗ 48) ಇದನ್ನು ಹಾದುಹೋಗುತ್ತದೆ. ಅಣ್ಣಿಗೇರಿಯ ಮೇಲೆ ಗದಗ, ಹೊಸಪೇಟೆಗಳಿಗೆ ಒಂದು ದಾರಿ ಹೋಗುತ್ತದೆ. ನವಲಗುಂದದ ಮೇಲೆ ವಿಜಯಪುರಕ್ಕೆ ಮತ್ತೊಂದು. ಕಲಘಟಗಿ, ಯಲ್ಲಾಪುರಗಳ ಮೇಲೆ ಅಂಕೋಲಾಕ್ಕೆ ಇನ್ನೊಂದು. ಕೊನೆಯ ಈ ದಾರಿ ಹಿಂದೆ 63ನೇ ರಾಷ್ಟ್ರೀಯ ಹೆದ್ದಾರಿಯ ಭಾಗವಾಗಿತ್ತು. 2010ರ ಮರುಸಂಖ್ಯೆಯ ನಂತರ ನವಲಗುಂದದ ದಾರಿಯೂ ಕಲಘಟಗಿಯ ದಾರಿಯೂ ಒಂದೇ 52ನೇ ಹೆದ್ದಾರಿಯಲ್ಲಿ ಸೇರಿವೆ.

ಕಲಘಟಗಿ ತಾಲೂಕು ಅರೆಮಲೆನಾಡು. ಭತ್ತ, ಗೋವಿನಜೋಳ, ಸೋಯಾ, ಹತ್ತಿ ಇಲ್ಲಿನ ಬೆಳೆಗಳು. ಕೆರೆ, ಹಳ್ಳ, ಕಾಡಂಚು ಎಲ್ಲವೂ ಇವೆ. ಈ ತಾಲೂಕಿನ ತಂಬೂರ ಒಂದು ಗ್ರಾಮ ಪಂಚಾಯಿತಿ. ತಂಬೂರದಂಥ ಊರಿನವರು ಹುಬ್ಬಳ್ಳಿಯ ಮಾರುಕಟ್ಟೆಗೋ ದೊಡ್ಡ ಆಸ್ಪತ್ರೆಗೋ ಹೋಗಬೇಕಾದರೆ ಈ ಹೆದ್ದಾರಿಯನ್ನು ಹಿಡಿಯಬೇಕು. ಅವರಿಗೆ ಹೆದ್ದಾರಿ ಎಂದರೆ ಮುಂಬೈಯನ್ನೋ ಬಂದರನ್ನೋ ಮುಟ್ಟಿಸುವ ದಾರಿಗಿಂತ ಹೆಚ್ಚಾಗಿ ತಾಲೂಕು, ಸಂತೆ, ಕಾಲೇಜುಗಳನ್ನು ಮುಟ್ಟಿಸುವ ದಾರಿ. ಯೋಜನೆಯ ಕಾಗದದಲ್ಲಿ ಈ ಎರಡನೆಯ ಉಪಯೋಗಕ್ಕೆ ಎಷ್ಟು ಸ್ಥಾನವಿದೆ ಎಂಬುದನ್ನು ಈಗ ನೋಡೋಣ.

ಒಂದು ಚಕ್ಕಡಿ = ಎಂಟು ಕಾರು

ರಸ್ತೆಯ ಸಾಮರ್ಥ್ಯವನ್ನು ಲೆಕ್ಕ ಹಾಕಲು ಎಂಜಿನಿಯರರು 'ಕಾರು ಸಮಾನ ಏಕಮಾನ' ಎಂಬ ಅಳತೆಯನ್ನು ಬಳಸುತ್ತಾರೆ. ಬೇರೆ ಬೇರೆ ವಾಹನಗಳು ರಸ್ತೆಯಲ್ಲಿ ಬೇರೆ ಬೇರೆ ಪ್ರಮಾಣದ ಜಾಗ ಮತ್ತು ಸಮಯ ತೆಗೆದುಕೊಳ್ಳುವುದರಿಂದ ಎಲ್ಲವನ್ನೂ ಕಾರಿಗೆ ಸಮೀಕರಿಸಬೇಕಾಗುತ್ತದೆ. ಗ್ರಾಮೀಣ ರಸ್ತೆಗಳಿಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ 1990ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಕಾರಿಗೆ 1, ಮೋಟಾರ್ ಸೈಕಲ್ಲಿಗೆ 0.5, ಬಸ್ಸು ಲಾರಿಗಳಿಗೆ 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 4.5, ಎತ್ತಿನ ಗಾಡಿಗೆ 8 ಎಂದಿದೆ.

ಈ ಅಂಕಿಗಳು ತಪ್ಪಲ್ಲ. ನಿಧಾನವಾಗಿ ಸಾಗುವ ಚಕ್ಕಡಿಯ ಹಿಂದೆ ವೇಗದ ವಾಹನಗಳು ನಿಲ್ಲುವುದು ನಿಜ. ಆದರೆ ಈ ಅಳತೆಯಲ್ಲಿ ಅಡಗಿರುವ ದೃಷ್ಟಿಯನ್ನು ಗಮನಿಸಿ. ಚಕ್ಕಡಿಯನ್ನು ಇಲ್ಲಿ ಅಳೆಯುವುದು ಅದು ಹೊತ್ತ ಭತ್ತದಿಂದಲ್ಲ, ಅದು ಕಾರುಗಳಿಗೆ ಮಾಡುವ ಅಡ್ಡಿಯಿಂದ. ಇನ್ನು ರಸ್ತೆ ದಾಟುವ ಮನುಷ್ಯನಿಗೆ ಈ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ರಸ್ತೆ ಬದಿಯ ಜನರ ಓಡಾಟಕ್ಕೆ ಸಂಚಾರ ಶಾಸ್ತ್ರದಲ್ಲಿರುವ ಹೆಸರು 'ಪಕ್ಕದ ಘರ್ಷಣೆ'. ಭೌತಶಾಸ್ತ್ರದಲ್ಲಿ ಘರ್ಷಣೆಯನ್ನು ಕಡಿಮೆ ಮಾಡಲು ಎಣ್ಣೆ ಹಾಕುತ್ತೇವೆ. ಹೆದ್ದಾರಿಯಲ್ಲಿ ಬೇಲಿ ಹಾಕುತ್ತೇವೆ!

ಮಾರ್ಗಸೂಚಿಗಳಲ್ಲಿ ಪಾದಚಾರಿಗಳ ವಿಚಾರವೇ ಇಲ್ಲವೆಂದಲ್ಲ. ಪಾದಚಾರಿ ಸೌಲಭ್ಯಗಳ ಕುರಿತ ಮಾರ್ಗಸೂಚಿಯೊಂದು ಬೇರೆಯೇ ಇದೆ. ದಾಟುವ ಜಾಗದಲ್ಲಿ ವಾಹನಗಳನ್ನು ತಡೆಯುವ ವ್ಯವಸ್ಥೆ ಬೇಕೇ ಎಂದು ನಿರ್ಧರಿಸಲು ಅದರಲ್ಲಿ ಒಂದು ಸೂತ್ರವಿದೆ: ಗರಿಷ್ಠ ದಟ್ಟಣೆಯ ಗಂಟೆಯಲ್ಲಿ ದಾಟುವವರ ಸಂಖ್ಯೆಯನ್ನು ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಬೇಕು. ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಗುಣಲಬ್ಧ 10 ಕೋಟಿಯನ್ನು ಮೀರಬೇಕು. ಗಂಟೆಗೆ 900 ವಾಹನಗಳಿರುವ ರಸ್ತೆಯನ್ನು ತೆಗೆದುಕೊಳ್ಳಿ. 900ರ ವರ್ಗ 8,10,000. 10 ಕೋಟಿಯನ್ನು ಇದರಿಂದ ಭಾಗಿಸಿದರೆ ಸುಮಾರು 124. ಅಂದರೆ ಗಂಟೆಗೆ 124 ಜನ ದಾಟಿದರೆ ಮಾತ್ರ ಆ ಜಾಗ ಈ ಸೂತ್ರದಲ್ಲಿ ತೇರ್ಗಡೆಯಾಗುತ್ತದೆ. 40 ಮಕ್ಕಳು ಶಾಲೆಗೆ ದಾಟುವ ಹಳ್ಳಿಯ ಕ್ರಾಸು ನಪಾಸು! ಕಾಯುವ ಹೊತ್ತು, ವಾಹನಗಳ ವೇಗ, ಅಪಘಾತದ ದಾಖಲೆ ಇವನ್ನೂ ಪರಿಗಣಿಸಲು ಅವಕಾಶವಿದೆ. ಆದರೆ ಅಪಘಾತದ ದಾಖಲೆ ಯಾವಾಗ ಸಿದ್ಧವಾಗುತ್ತದೆ? ಯಾರಾದರೂ ಗಾಯಗೊಂಡ ಮೇಲೆ.

ದಾಟಲು ಎಷ್ಟು ಹೊತ್ತು ಕಾಯಬೇಕು?

ಇದನ್ನು ಒಂದು ಸರಳ ಲೆಕ್ಕದಿಂದ ನೋಡೋಣ. ಎರಡು ಪಥದ ರಸ್ತೆಯ ಅಗಲ 7 ಮೀಟರ್. ವಯಸ್ಕರು ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಎಂದಿಟ್ಟುಕೊಂಡರೆ ದಾಟಲು ಸುಮಾರು 6 ಸೆಕೆಂಡು ಬೇಕು. ಎರಡೂ ಕಡೆ ನೋಡಿ ಹೆಜ್ಜೆ ಇಡಲು 2 ಸೆಕೆಂಡು ಸೇರಿಸಿ. ಒಟ್ಟು 8 ಸೆಕೆಂಡುಗಳ ತೆರಪು ಬೇಕಾಯಿತು.

ಎರಡೂ ದಿಕ್ಕು ಸೇರಿ ಗಂಟೆಗೆ 900 ವಾಹನಗಳು ಬರುತ್ತಿದ್ದರೆ ಎರಡು ವಾಹನಗಳ ನಡುವಿನ ಸರಾಸರಿ ತೆರಪು 4 ಸೆಕೆಂಡು. ಸರಾಸರಿ 4 ಎಂದ ಮಾತ್ರಕ್ಕೆ 8 ಸೆಕೆಂಡಿನ ತೆರಪು ಸಿಗುವುದೇ ಇಲ್ಲ ಎಂದಲ್ಲ. ವಾಹನಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದು ಭಾವಿಸಿ ಪ್ವಾಸಾನ್ ವಿತರಣೆಯನ್ನು ಬಳಸಿದರೆ, ಪ್ರತಿ 100 ತೆರಪುಗಳಲ್ಲಿ 13 ಅಥವಾ 14 ಮಾತ್ರ 8 ಸೆಕೆಂಡಿಗಿಂತ ದೊಡ್ಡವು. ದಾಟುವವರು ಸರಾಸರಿ 18 ಸೆಕೆಂಡು ಕಾಯಬೇಕಾಗುತ್ತದೆ.

ವಾಹನಗಳ ಸಂಖ್ಯೆ ಇಮ್ಮಡಿಯಾಗಿ 1,800 ಆಯಿತೆನ್ನಿ. ಕಾಯುವ ಹೊತ್ತೂ ಇಮ್ಮಡಿಯಾಗಿ 36 ಸೆಕೆಂಡು ಆದೀತು ಎಂದು ನಿಮಗೆ ಅನ್ನಿಸಬಹುದು. ಹಾಗಾಗುವುದಿಲ್ಲ. ಈಗ 100 ತೆರಪುಗಳಲ್ಲಿ ಎರಡೂ ಸಹ 8 ಸೆಕೆಂಡು ಮೀರುವುದಿಲ್ಲ. ಸರಾಸರಿ ಕಾಯುವ ಹೊತ್ತು 99 ಸೆಕೆಂಡಿಗೆ ಏರುತ್ತದೆ. ಅಂದರೆ ಸಂಚಾರ ಎರಡು ಪಟ್ಟು, ಕಾಯುವಿಕೆ ಐದೂವರೆ ಪಟ್ಟು. ಇದು ಘಾತೀಯ ಏರಿಕೆ. ಒಂದೂವರೆ ನಿಮಿಷ ಕಾದು ಬೇಸತ್ತ ಮಗು ಏನು ಮಾಡುತ್ತದೆಂಬುದನ್ನು ಶಿಕ್ಷಕರಿಗೆ ಹೇಳಬೇಕಾಗಿಲ್ಲ. ಸಾಲದ ತೆರಪಿನಲ್ಲೇ ಓಡಿಬಿಡುತ್ತದೆ.

ಇದೇ ಲೆಕ್ಕ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ರಸ್ತೆ ನಾಲ್ಕು ಪಥವಾಗಿ, ನಡುವೆ ಸುರಕ್ಷಿತವಾಗಿ ನಿಲ್ಲಲು ಜಾಗವಿದ್ದರೆ, ಒಂದೊಂದು ಬದಿಯಲ್ಲಿ 900 ವಾಹನಗಳಷ್ಟೇ ಇರುತ್ತವೆ. ಆಗ ಎರಡು ಹಂತದಲ್ಲಿ ದಾಟಬಹುದು. ಕಾಯುವ ಹೊತ್ತು 18 ಮತ್ತು 18, ಒಟ್ಟು 36 ಸೆಕೆಂಡು. ಹಾಗಾದರೆ ರಸ್ತೆ ಅಗಲವಾಗುವುದೇ ಊರಿನ ಶತ್ರುವಲ್ಲ. ದಾಟುವ ಜಾಗ ಎಲ್ಲಿದೆ, ಹೇಗಿದೆ ಎಂಬುದು ಮುಖ್ಯ. ಆದರೆ ಅಗಲವಾದ ರಸ್ತೆಯಲ್ಲಿ ವೇಗವೂ ಏರುತ್ತದೆ. ಚಾಲಕ ಅಪಾಯವನ್ನು ಕಂಡು ಬ್ರೇಕು ಒತ್ತಲು 2.5 ಸೆಕೆಂಡು ಬೇಕು, ಟೈರು ಮತ್ತು ರಸ್ತೆಯ ನಡುವಿನ ಘರ್ಷಣಾ ಗುಣಾಂಕ 0.35 ಎಂದು ಹಿಡಿದರೆ, ಗಂಟೆಗೆ 50 ಕಿಲೋಮೀಟರ್ ವೇಗದ ವಾಹನ ಸುಮಾರು 63 ಮೀಟರ್ ದೂರದಲ್ಲಿ ನಿಲ್ಲುತ್ತದೆ. ವೇಗ 80 ಆದರೆ ಈ ದೂರ ಸುಮಾರು 128 ಮೀಟರ್. ಆದ್ದರಿಂದ ವೇಗದ ಹೆದ್ದಾರಿಯಲ್ಲಿ ದಾಟುವ ಜಾಗ ರಸ್ತೆಯ ಮಟ್ಟದಲ್ಲಿರದೆ ಕೆಳಗಿರುವುದು, ಅಂದರೆ ಕೆಳಸೇತುವೆ, ಮೇಲು. ಏರಿ ಕಟ್ಟುವಾಗಲೇ ಅದನ್ನು ಸೇರಿಸಿದರೆ ಕೆಲಸ ಸುಲಭ. ಸಂಚಾರ ಆರಂಭವಾದ ಮೇಲೆ ಏರಿಯನ್ನು ಕಡಿದು ಕಟ್ಟುವುದು ದುಬಾರಿ ಮತ್ತು ಕಷ್ಟ.

ಇನ್ನು ಟ್ರ್ಯಾಕ್ಟರಿನ ಕಥೆ. ರೈತರೊಬ್ಬರ ಮನೆ ರಸ್ತೆಯ ಈಚೆ, ಹೊಲ ಆಚೆ ಎಂದಿಟ್ಟುಕೊಳ್ಳಿ. ವಿಭಜಕದಲ್ಲಿ ತಿರುಗುವ ಜಾಗ ಎರಡೂ ಕಡೆ ಒಂದೂವರೆ ಕಿಲೋಮೀಟರ್ ದೂರದಲ್ಲಿದೆ. ಎದುರಿನ ಹೊಲಕ್ಕೆ ಹೋಗಲು 3 ಕಿಲೋಮೀಟರ್, ಬರಲು 3 ಕಿಲೋಮೀಟರ್. ಹಿಂದೆ ಹತ್ತಾರು ಮೀಟರಿನಲ್ಲಿ ಮುಗಿಯುತ್ತಿದ್ದ ದಾರಿ ಈಗ 6 ಕಿಲೋಮೀಟರ್ ಆಯಿತು. ಸುಗ್ಗಿಯಲ್ಲಿ ದಿನಕ್ಕೆ ನಾಲ್ಕು ಸಲ ಓಡಾಡಿದರೆ 24 ಕಿಲೋಮೀಟರ್! ಡೀಸೆಲ್ ಉಳಿಸಲು ಟ್ರ್ಯಾಕ್ಟರು ಎದುರು ದಿಕ್ಕಿನಲ್ಲಿ ಬರುತ್ತದೆ. ಆಗ ನಾವು 'ಹಳ್ಳಿಯವರಿಗೆ ಸಂಚಾರ ನಿಯಮ ಗೊತ್ತಿಲ್ಲ' ಎನ್ನುತ್ತೇವೆ. ನಿಯಮ ಮೀರುವುದು ಅಪಾಯಕರ, ಅದನ್ನು ಸಮರ್ಥಿಸಲಾಗದು. ಆದರೆ ನಿಯಮ ಪಾಲಿಸಿದವರಿಗೆ ದಿನಕ್ಕೆ 24 ಕಿಲೋಮೀಟರ್ ದಂಡ ಹಾಕುವ ವಿನ್ಯಾಸವನ್ನೂ ವಿಮರ್ಶಿಸಬೇಕಲ್ಲವೆ?

ನೀರೂ ಅಡ್ಡ ದಾಟುತ್ತದೆ

ರಸ್ತೆಯನ್ನು ದಾಟುವ ಇನ್ನೊಂದು ವಸ್ತು ನೀರು. ಹುಬ್ಬಳ್ಳಿಯ ಪಶ್ಚಿಮಕ್ಕೆ, ಕಲಘಟಗಿ ಕಡೆ, ಮಳೆನೀರು ಬೇಡ್ತಿ ನದಿಯ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪೂರ್ವಕ್ಕೆ, ನವಲಗುಂದದ ಕಡೆ, ಬೆಣ್ಣೆಹಳ್ಳದ ಮೂಲಕ ಮಲಪ್ರಭೆಯನ್ನು ಸೇರುತ್ತದೆ. ಒಂದೇ 52ನೇ ಹೆದ್ದಾರಿ ಎರಡೂ ಬಗೆಯ ನೆಲವನ್ನು ಹಾದುಹೋಗುತ್ತದೆ. ಕಲಘಟಗಿಯದು ಏರುತಗ್ಗಿನ ನೆಲ, ನವಲಗುಂದದ್ದು ಸಮತಟ್ಟಾದ ಎರೆಭೂಮಿ.

ಎತ್ತರಿಸಿದ ರಸ್ತೆ ನೀರಿಗೆ ಒಂದು ಒಡ್ಡು. ಇಳಿಜಾರು 500 ಮೀಟರಿಗೆ 1 ಮೀಟರ್ ಇರುವ ಎರೆಭೂಮಿಯಲ್ಲಿ 1 ಮೀಟರ್ ಆಳಕ್ಕೆ ನೀರು ತಡೆದು ನಿಂತರೆ ಅದು ಹಿಂದಕ್ಕೆ 500 ಮೀಟರ್‌ವರೆಗೆ ಹರಡಬಲ್ಲದು. ಎರೆಮಣ್ಣು ನೀರನ್ನು ಬೇಗ ಇಂಗಿಸುವುದಿಲ್ಲ. ಬೆಳೆ ಕೊಳೆಯುತ್ತದೆ. ಏರುತಗ್ಗಿನ ನೆಲದಲ್ಲಿ ಸಮಸ್ಯೆ ಬೇರೆ. ಅಲ್ಲಿ ಹಲವು ಸಣ್ಣ ಹರಿವುಗಳನ್ನು ಒಂದೇ ಮೋರಿಗೆ ತಿರುಗಿಸಿದರೆ ಕೆಳಗಿನ ಹೊಲ ಕೊರೆದುಹೋಗುತ್ತದೆ, ಒಂದು ಕೆರೆಗೆ ಬರುವ ನೀರು ಇನ್ನೊಂದು ಹಳ್ಳಕ್ಕೆ ಹೋಗುತ್ತದೆ.

ಮೋರಿಯ ಗಾತ್ರವನ್ನು ನೀವೇ ಪರೀಕ್ಷಿಸಬಹುದು. ಸೂತ್ರ ಹೀಗಿದೆ: ಹರಿವಿನ ಗುಣಾಂಕ × ಮಳೆಯ ತೀವ್ರತೆ × ವಿಸ್ತೀರ್ಣ ÷ 360 = ಸೆಕೆಂಡಿಗೆ ಹರಿಯುವ ಘನಮೀಟರ್. ಮಳೆ ಗಂಟೆಗೆ ಮಿಲಿಮೀಟರಿನಲ್ಲಿ, ವಿಸ್ತೀರ್ಣ ಹೆಕ್ಟೇರಿನಲ್ಲಿ ಇರಬೇಕು. 20 ಹೆಕ್ಟೇರು ಹೊಲ, ಗುಣಾಂಕ 0.4, ಗಂಟೆಗೆ 50 ಮಿಲಿಮೀಟರ್ ಮಳೆ ಎಂದರೆ ಸುಮಾರು 1.1 ಘನಮೀಟರ್ ಬಂತು. 0.9 ಮೀಟರ್ ವ್ಯಾಸದ ಕೊಳವೆಯಲ್ಲಿ ನೀರು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ತುಂಬಿ ಹರಿದರೂ ಹೋಗುವುದು 0.95 ಘನಮೀಟರ್ ಮಾತ್ರ. ಉಳಿದದ್ದು ಹೊಲದಲ್ಲಿ ನಿಲ್ಲುತ್ತದೆ. ಎಂಜಿನಿಯರರು ಈ ಲೆಕ್ಕವನ್ನು ಮಾಡುತ್ತಾರೆ. ಆದರೆ ಯಾವ ಬದುವಿನಿಂದ ನೀರು ಎಲ್ಲಿಗೆ ತಿರುಗುತ್ತದೆ, ದೊಡ್ಡ ಮಳೆಯಲ್ಲಿ ಹಳ್ಳ ಎಲ್ಲಿಯವರೆಗೆ ಬರುತ್ತದೆ ಎಂಬುದು ಊರಿನ ಹಿರಿಯರಿಗೆ ಗೊತ್ತು. ಈ ಎರಡು ತಿಳಿವಳಿಕೆಗಳು ಸೇರಿದರೆ ಮೋರಿ ಸರಿಯಾದ ಜಾಗದಲ್ಲಿ ಬೀಳುತ್ತದೆ.

ಅದಿರು ಹಾದುಹೋದ ಕಾಲ

ಹೆದ್ದಾರಿಯಿಂದ ಆರ್ಥಿಕ ಅಭಿವೃದ್ಧಿ ತಾನಾಗಿಯೇ ಬರುತ್ತದೆ ಎಂಬ ನಂಬಿಕೆಗೆ ಈ ದಾರಿಯಲ್ಲೇ ಒಂದು ಪರೀಕ್ಷೆ ನಡೆದಿದೆ. 2000ದ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿತು. ಬಳ್ಳಾರಿ–ಹೊಸಪೇಟೆ ಕಡೆಯ ಅದಿರು ಲಾರಿಗಳಲ್ಲಿ ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರಗಳ ಮೇಲೆ ಬೇಲೇಕೇರಿ ಮತ್ತು ಕಾರವಾರ ಬಂದರುಗಳಿಗೆ ಹೋಯಿತು. ಉದ್ದದ ಲೆಕ್ಕದಲ್ಲಿ ಇದು ಅದ್ಭುತ ಯಶಸ್ಸು. ರಸ್ತೆಯ ತುಂಬ ಸರಕು!

ಅಡ್ಡದ ಲೆಕ್ಕ ಏನು? ರಸ್ತೆಗೆ ಆಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಷ್ಟು ಹೆಚ್ಚುತ್ತದೆ. ಇದು 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದ ಸಂಗತಿ. ಆ ಕಾಲದಲ್ಲಿ ನಮ್ಮಲ್ಲಿ ಲಾರಿಯ ಹಿಂದಿನ ಒಂಟಿ ಅಚ್ಚಿಗೆ ಇದ್ದ ಮಿತಿ 10.2 ಟನ್ (2018ರಲ್ಲಿ ಇದನ್ನು 11.5ಕ್ಕೆ ಏರಿಸಲಾಯಿತು). ಅದೇ ಅಚ್ಚಿನ ಮೇಲೆ 15 ಟನ್ ಹೇರಿದರೆ ಭಾರ ಒಂದೂವರೆ ಪಟ್ಟಿಗೂ ಸ್ವಲ್ಪ ಕಡಿಮೆ, ಆದರೆ ಹಾನಿ ಸುಮಾರು 4.7 ಪಟ್ಟು. ಲಾಭ ಸರಕಿನ ಯಜಮಾನರಿಗೆ, ಗುಂಡಿ ಮತ್ತು ಧೂಳು ರಸ್ತೆ ಬದಿಯವರಿಗೆ. ಬಸ್ಸಿನಲ್ಲಿ ಕಾಲೇಜಿಗೆ ಹೋಗುವವರಿಗೂ, ಆಂಬುಲೆನ್ಸಿಗೂ ಅದೇ ಗುಂಡಿ.

2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಲಾರಿಯನ್ನೇ ನಂಬಿದ ಢಾಬಾ, ಪಂಕ್ಚರ್ ಅಂಗಡಿಗಳ ವ್ಯಾಪಾರಕ್ಕೆ ಆಧಾರವೆಲ್ಲಿ? ಹಾದುಹೋಗುವ ಸರಕಿನ ಟನ್ನುಗಳು ಊರಿನ ಆದಾಯವಲ್ಲ. ಊರಿನಲ್ಲಿ ತಯಾರಾಗಿ ರಸ್ತೆಗೆ ಹತ್ತುವ ಸರಕು, ರಸ್ತೆಯಿಂದ ಇಳಿದು ಊರಿಗೆ ಬರುವ ಸೇವೆ, ಇವೆರಡೇ ಊರಿನ ಆದಾಯ. ಕಲಘಟಗಿಯ ಬಣ್ಣದ ತೊಟ್ಟಿಲನ್ನು ನೋಡಿ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಕುಸುರಿ ಚಿತ್ರ. ಇದನ್ನು ಕೊಳ್ಳುವವರು ಹಾದುಹೋಗುವಾಗ ನಿಂತವರಲ್ಲ, ಹೆಸರು ಕೇಳಿ ಹುಡುಕಿಕೊಂಡು ಬಂದವರು. ಹೆದ್ದಾರಿ ಈ ಕಸುಬಿಗೆ ನೆರವಾಗಬಹುದು, ಆದರೆ ಕಸುಬನ್ನು ಹುಟ್ಟಿಸಲಾರದು. ಗೋವಿನಜೋಳ ಒಣಗಿಸುವ ಕಟ್ಟೆ, ಹಾಲು ತಂಪಾಗಿಡುವ ಘಟಕ, ಸಣ್ಣ ಗೋದಾಮು ಇವು ಎಲ್ಲಿರಬೇಕೆಂದು ಊರು ನಿರ್ಧರಿಸದಿದ್ದರೆ, ಹೆದ್ದಾರಿ ಬದಿಯ ಜಮೀನನ್ನು ಎನ್ಎ ಮಾಡಿಸಿ ಮಾರುವುದೊಂದೇ ಅಭಿವೃದ್ಧಿಯಾಗಿ ಉಳಿಯುತ್ತದೆ.

ಕಾನೂನಿನಲ್ಲಿ ಊರಿನ ಜಾಗ

'ಕಾರಿಡಾರ್' ಎಂಬ ಪದ ಈಗ ಬಹಳ ಬಳಕೆಯಲ್ಲಿದೆ. 2013ರಲ್ಲಿ ಬ್ರಿಟನ್ನಿನ ಸಹಕಾರದೊಂದಿಗೆ ಪ್ರಸ್ತಾಪವಾದ ಬೆಂಗಳೂರು–ಮುಂಬೈ ಆರ್ಥಿಕ ಕಾರಿಡಾರಿನಲ್ಲಿ ಧಾರವಾಡವನ್ನು ಒಂದು ಕೈಗಾರಿಕಾ ಕೇಂದ್ರವಾಗಿ ಗುರುತಿಸಲಾಯಿತು. 2017ರಲ್ಲಿ ಒಪ್ಪಿಗೆ ಪಡೆದ ಭಾರತಮಾಲಾ ಯೋಜನೆಯ ಮೊದಲ ಹಂತದ 34,800 ಕಿಲೋಮೀಟರಿನಲ್ಲಿ 9,000 ಕಿಲೋಮೀಟರ್ 'ಆರ್ಥಿಕ ಕಾರಿಡಾರ್'ಗಳಿಗೆ ಮೀಸಲು. ಇಂಥ ಯೋಜನೆಯಲ್ಲಿ ಊರಿನವರು ಯಾವ ಹಂತದಲ್ಲಿ ಮಾತನಾಡಬಹುದು?

ರಾಷ್ಟ್ರೀಯ ಹೆದ್ದಾರಿ ಕಾಯ್ದೆ 1956ರ ಪ್ರಕಾರ ಜಮೀನು ಬೇಕೆಂದು ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆಗೆ 21 ದಿನಗಳ ಅವಕಾಶವಿದೆ. ಆದರೆ ಆಕ್ಷೇಪಿಸಬಹುದಾದವರು ಆ ಜಮೀನಿನಲ್ಲಿ ಹಿತಾಸಕ್ತಿ ಉಳ್ಳವರು. ರಸ್ತೆ ದಾಟುವ ಮಗುವಿಗೆ ಜಮೀನಿಲ್ಲ. ಅದರ ಆಕ್ಷೇಪಣೆಗೆ ಕಲಮೂ ಇಲ್ಲ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿತು. ಆದರೆ ಹೆದ್ದಾರಿ ಕಾಯ್ದೆಯನ್ನು ಅದರ ನಾಲ್ಕನೆಯ ಅನುಸೂಚಿಯಲ್ಲಿಟ್ಟು ಹೊರಗುಳಿಸಲಾಯಿತು. 2015ರಿಂದ ಪರಿಹಾರ ಮತ್ತು ಪುನರ್ವಸತಿಯ ನಿಯಮಗಳು ಹೆದ್ದಾರಿಗೂ ಅನ್ವಯಿಸಿದವು, ಪರಿಣಾಮದ ಅಧ್ಯಯನ ಅನ್ವಯಿಸಲಿಲ್ಲ. ಬೆಲೆ ಬಂತು, ಪ್ರಶ್ನೆ ಬರಲಿಲ್ಲ. ಪರಿಸರ ಪರಿಣಾಮದ ಅಧಿಸೂಚನೆಯಲ್ಲೂ 2013ರ ತಿದ್ದುಪಡಿಯ ನಂತರ, ಇರುವ ಹೆದ್ದಾರಿಯ ವಿಸ್ತರಣೆ 100 ಕಿಲೋಮೀಟರಿಗಿಂತ ಉದ್ದವಾಗಿ, ಹೆಚ್ಚುವರಿ ಅಗಲವೂ ನಿಗದಿತ ಮಿತಿ ಮೀರಿದರೆ ಮಾತ್ರ ಪೂರ್ವಾನುಮತಿ ಬೇಕು.

ಇನ್ನೊಂದು ಕಡೆ ಸಂವಿಧಾನ ಊರಿಗೆ ದೊಡ್ಡ ಜವಾಬ್ದಾರಿಯನ್ನು ಕೊಟ್ಟಿದೆ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯದ ಯೋಜನೆ ತಯಾರಿಸುವ ಅಧಿಕಾರ ಪಂಚಾಯಿತಿಗಳಿಗೆ ದೊರೆಯುವಂತೆ ಮಾಡಿತು. 11ನೇ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ, ಮೋರಿ, ಸೇತುವೆಗಳೂ ಇವೆ. 74ನೇ ತಿದ್ದುಪಡಿ ಈ ಯೋಜನೆಗಳನ್ನೆಲ್ಲ ಕೂಡಿಸಲು ಜಿಲ್ಲಾ ಯೋಜನಾ ಸಮಿತಿಯನ್ನು ರಚಿಸಬೇಕೆಂದಿತು. ಹೆದ್ದಾರಿಯ ನಕ್ಷೆಯೂ ಪಂಚಾಯಿತಿಗಳ ನಕ್ಷೆಯೂ ಒಂದೇ ಮೇಜಿನ ಮೇಲೆ ಬರಬಹುದಾದ ಜಾಗ ಇದೇ. ಆದರೆ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆಗಳಿಂದ ಆಯ್ಕೆಯಾಗಬೇಕು. ನಮ್ಮ ರಾಜ್ಯದಲ್ಲಿ ಜಿಲ್ಲಾ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮೇಜಿದೆ, ಕುಳಿತುಕೊಳ್ಳಬೇಕಾದವರಿಲ್ಲ.

ಜನರ ಮಾತು ತಡವಾಗಿ ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿ–ಧಾರವಾಡ ಬೈಪಾಸ್ ಸಾಕ್ಷಿ. ಅದರ ಎರಡೂ ತುದಿಗೆ ನಾಲ್ಕು ಪಥದ ಹೆದ್ದಾರಿ ಬಂದರೂ ನಡುವಿನ ಸುಮಾರು 30 ಕಿಲೋಮೀಟರ್ ಎರಡೇ ಪಥವಾಗಿ ಉಳಿಯಿತು. ಅಗಲ ದಾರಿಯ ವೇಗದಲ್ಲೇ ವಾಹನಗಳು ಇಕ್ಕಟ್ಟಿಗೆ ನುಗ್ಗುತ್ತಿದ್ದವು. ಊರಿನವರು ಇದನ್ನು ಬಹಳ ಕಾಲದಿಂದ ಹೇಳುತ್ತಿದ್ದರು. 2021ರ ಜನವರಿ 15ರಂದು ಇಟ್ಟಿಗಟ್ಟಿ ಬಳಿ ನಡೆದ ಅಪಘಾತದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆರು ಪಥದ ಕಾಮಗಾರಿಗೆ ಶಂಕುಸ್ಥಾಪನೆಯಾದದ್ದು 2022ರಲ್ಲಿ.

ಊರಿನ ಯೋಜನೆಯೂ ವಿಮರ್ಶೆಗೆ ಹೊರತಲ್ಲ

ಇಷ್ಟು ಹೇಳಿ, 'ಎಲ್ಲವನ್ನೂ ಗ್ರಾಮಸಭೆಗೆ ಬಿಟ್ಟರೆ ಸರಿಹೋಗುತ್ತದೆ' ಎಂದರೆ ಅದೂ ಅವೈಜ್ಞಾನಿಕ. 14ನೇ ಹಣಕಾಸು ಆಯೋಗದ ಕಾಲದಿಂದ (2015–20) ಪ್ರತಿ ಗ್ರಾಮ ಪಂಚಾಯಿತಿಯೂ ಅಭಿವೃದ್ಧಿ ಯೋಜನೆ ತಯಾರಿಸಬೇಕು. ಬಹಳ ಕಡೆ ಅದು ಬೇಡಿಕೆಗಳ ಪಟ್ಟಿಯಾಗಿರುತ್ತದೆ. ಬೇಡಿಕೆಯ ಪಟ್ಟಿ ಯೋಜನೆಯಲ್ಲ. ಯೋಜನೆಗೆ ಅಳತೆ, ಆಯ್ಕೆ, ಆದ್ಯತೆ ಬೇಕು. ಪ್ರತಿ ಊರೂ ತನ್ನ ಮುಂದೆ ತೆರಪು ಬೇಕೆಂದು ಹಠ ಹಿಡಿದರೆ ಹೆದ್ದಾರಿ ಇನ್ನಷ್ಟು ಅಪಾಯಕರವಾಗುತ್ತದೆ, ಏಕೆಂದರೆ ವೇಗದ ರಸ್ತೆಗೆ ಸೇರುವ ಪ್ರತಿ ಬಾಯಿಯೂ ಒಂದು ಡಿಕ್ಕಿಯ ಜಾಗ. ನಾಲ್ಕು ಊರು ಸೇರಿ ಎರಡು ಒಳ್ಳೆಯ ಕೆಳಸೇತುವೆ ಮತ್ತು ಅವನ್ನು ಕೂಡಿಸುವ ಪಕ್ಕದ ರಸ್ತೆ ಕೇಳುವುದು ಜಾಣತನ.

ಅಳತೆಯೊಂದಿಗೆ ಜನರು ಯೋಜಿಸಬಲ್ಲರು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಅಲ್ಲಿ ಯೋಜನೆಯ ಘಟಕ ಊರಿನ ಗಡಿಯಲ್ಲ, ನೀರು ಹರಿಯುವ ಗಡಿ. ಒಂದು ಕಡೆ ಉಪಗ್ರಹದ ಚಿತ್ರ, ಇನ್ನೊಂದು ಕಡೆ ಹೊಲದ ಮೇಲೆ ನಡೆದು ರೈತರು ಹೇಳಿದ ಮಾಹಿತಿ. ಎರಡನ್ನೂ ಸೇರಿಸಿ ಬದು, ಕೃಷಿಹೊಂಡಗಳ ಜಾಗ ಗುರುತಿಸಿದರು.

ನೆರೆಯ ಕೇರಳದಲ್ಲಿ ವಿಜ್ಞಾನ ಸಂಘಟನೆಯೇ ಈ ಕೆಲಸಕ್ಕೆ ಮುಂದಾಯಿತು. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1990ರ ದಶಕದ ಆರಂಭದಲ್ಲಿ ಭೂವಿಜ್ಞಾನಿಗಳೊಂದಿಗೆ ಸೇರಿ ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿ ಮುಂತಾದ ಪಂಚಾಯಿತಿಗಳಲ್ಲಿ ಸಂಪನ್ಮೂಲ ನಕ್ಷೆಗಳನ್ನು ಮಾಡಿತು. ನಕ್ಷೆ ಬಿಡಿಸಿದವರಲ್ಲಿ ಸ್ಥಳೀಯ ಸ್ವಯಂಸೇವಕರೇ ಹೆಚ್ಚು. 1996ರಲ್ಲಿ ಆರಂಭವಾದ ಜನತಾ ಯೋಜನಾ ಅಭಿಯಾನಕ್ಕೆ ಈ ಅನುಭವ ತಳಹದಿಯಾಯಿತು.

ನೀವು ಮಾಡಬಹುದಾದ ಎಣಿಕೆ

ಹೆದ್ದಾರಿ ಬದಿಯ ಶಾಲೆ, ಕಾಲೇಜುಗಳ ಶಿಕ್ಷಕರು ಒಂದು ವಾರದ ಯೋಜನಾಕಾರ್ಯವಾಗಿ 'ಅಡ್ಡದ ಎಣಿಕೆ'ಯನ್ನು ಮಾಡಿಸಬಹುದು. ರಸ್ತೆಯಿಂದ ದೂರದ, ಎತ್ತರದ, ಸುರಕ್ಷಿತ ಜಾಗವನ್ನು ಶಿಕ್ಷಕರೇ ಆರಿಸಬೇಕು. ಮಕ್ಕಳು ರಸ್ತೆಯಂಚಿಗೆ ಹೋಗಕೂಡದು.

ಮೊದಲ ಹಾಳೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ 15 ನಿಮಿಷಕ್ಕೊಮ್ಮೆ ದಾಟಿದವರ ಎಣಿಕೆ ಇರಲಿ: ಮಕ್ಕಳು, ಹೆಂಗಸರು, ಗಂಡಸರು, ಮುದುಕರು, ದನ, ಚಕ್ಕಡಿ, ಟ್ರ್ಯಾಕ್ಟರ್. ಸಂತೆಯ ದಿನವನ್ನೂ ಸುಗ್ಗಿಯ ದಿನವನ್ನೂ ಬಿಡಬೇಡಿ. ಎರಡನೆಯ ಹಾಳೆಯಲ್ಲಿ ವಾಹನಗಳ ನಡುವಿನ ತೆರಪನ್ನು ನಿಲುಗಡಿಯಾರದಿಂದ ಅಳೆದು ಬರೆಯಿರಿ. ಮೇಲಿನ ಪ್ವಾಸಾನ್ ಲೆಕ್ಕ ನಿಮ್ಮ ರಸ್ತೆಗೆ ಹೊಂದುತ್ತದೆಯೇ ನೋಡಿ. ವಾಹನಗಳು ಗುಂಪುಗುಂಪಾಗಿ ಬರುತ್ತಿದ್ದರೆ ಹೊಂದುವುದಿಲ್ಲ. ಏಕೆ ಎಂದು ಚರ್ಚಿಸಿ. ಮೂರನೆಯ ಹಾಳೆಯಲ್ಲಿ ಮಳೆ ಬಂದ ಮರುದಿನ ನೀರು ಎಲ್ಲಿ ನಿಂತಿದೆ, ಯಾವ ಮೋರಿ ಹೂಳು ತುಂಬಿದೆ ಎಂಬುದಿರಲಿ. ನಾಲ್ಕನೆಯದರಲ್ಲಿ ಒಂದು ವಾರ ಊರಿನಿಂದ ರಸ್ತೆಗೆ ಹತ್ತಿದ ಸರಕು ಮತ್ತು ರಸ್ತೆಯಿಂದ ಊರಿಗೆ ಇಳಿದ ಸರಕು. ಕೊನೆಗೆ ಇವೆಲ್ಲವನ್ನೂ ಸರ್ವೆ ನಂಬರಿರುವ ಗ್ರಾಮನಕ್ಷೆಯ ಮೇಲೆ ಗುರುತಿಸಿ.

ಈ ನಕ್ಷೆ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾಗಲಿ. ಅಧಿಸೂಚನೆ ಹೊರಟ ಮೇಲೆ ಸಿಗುವುದು 21 ದಿನ ಮಾತ್ರ. ಎಣಿಕೆ ಅದಕ್ಕೂ ಮೊದಲೇ ಸಿದ್ಧವಿದ್ದರೆ ಜಮೀನುಳ್ಳವರ ಆಕ್ಷೇಪಣೆಯ ಜೊತೆ ಜಮೀನಿಲ್ಲದವರ ದಾರಿಯೂ ಕಡತದೊಳಗೆ ಹೋಗುತ್ತದೆ. 'ನಮಗೆ ತೊಂದರೆಯಾಗುತ್ತದೆ' ಎಂಬ ಅರ್ಜಿಯನ್ನು ಬದಿಗಿಡುವುದು ಸುಲಭ. 'ಈ ಕ್ರಾಸಿನಲ್ಲಿ ಬೆಳಿಗ್ಗೆ 9ರಿಂದ 10ರವರೆಗೆ ಇಷ್ಟು ಮಕ್ಕಳು ದಾಟುತ್ತಾರೆ, ಸರಾಸರಿ ಇಷ್ಟು ಸೆಕೆಂಡು ಕಾಯುತ್ತಾರೆ' ಎಂಬ ಪಟ್ಟಿಗೆ ಎಂಜಿನಿಯರು ಎಂಜಿನಿಯರಾಗಿಯೇ ಉತ್ತರ ಕೊಡಬೇಕಾಗುತ್ತದೆ. ಒಪ್ಪದಿದ್ದರೆ ಅವರೂ ಎಣಿಸಬೇಕು. ಅಷ್ಟಾದರೂ ಅಡ್ಡದ ಲೆಕ್ಕ ಶುರುವಾದಂತೆ.